ತಮಿಳು ಲಿಪಿಯಲ್ಲಿ ಬರೆದ ವಸಂತ

ನಮ್ಮ ಮನೆಯಲ್ಲಿ ನಾಲ್ಕು ಜನ. ನಾಲ್ವರೂ ಮಾತಾಡುತ್ತಿದ್ದದ್ದು ಕನ್ನಡ. ಅದನ್ನು ಓದಲು, ಬರೆಯಲು ಬರುತ್ತಿದ್ದದ್ದು ತಾತ ಒಬ್ಬರಿಗೇ. ಇದರಲ್ಲಿ ಏನೋ ವಿಚಿತ್ರವಿದೆ ಎಂದು ನನಗೆ ಹತ್ತು ವರ್ಷವಾಗುವವರೆಗೂ ಹೊಳೆದಿರಲಿಲ್ಲ. ಅಪ್ಪ ಹುಟ್ಟಿ ಬೆಳೆದದ್ದು ಮದರಾಸಿನಲ್ಲಿ, ಶಾಲೆಯಲ್ಲಿ ಓದಿದ್ದು ತಮಿಳು, ಇಂಗ್ಲಿಷು. ಅಮ್ಮನ ತವರು ಕುಂಭಕೋಣ. ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ತಮಿಳಿನ ಕೈ ಹಿಡಿದುಕೊಳ್ಳುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವಳು ಮಗುಚುತ್ತಿದ್ದದ್ದು ತಮಿಳು ವಾರಪತ್ರಿಕೆ. ನನಗೆ ಬೀದಿಯಲ್ಲಿ, ಶಾಲೆಯಲ್ಲಿ ತಮಿಳು, ಹೊಸಲು ದಾಟಿ ಒಳಗೆ ಬಂದರೆ ಕನ್ನಡ. ತಾತ ಮಾತ್ರ ನಲವತ್ತು ವರ್ಷ ಕನ್ನಡ ಅಕ್ಷರದಲ್ಲೇ ಅನ್ನ ಕಂಡವರು. ಪ್ಯಾರೀಸ್ ಕಾರ್ನರಿನ ಓಣಿಯೊಂದರಲ್ಲಿದ್ದ ಕನ್ನಡ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು ಅವರ ಕೆಲಸ. ಬೆಳಿಗ್ಗೆ ಮಾಂಬಲಂ ಸ್ಟೇಷನ್ನಿನಲ್ಲಿ ಬೀಚ್ ಸ್ಟೇಷನ್ನಿನ ಕಡೆಗೆ ಹೋಗುವ ಎಲೆಕ್ಟ್ರಿಕ್ ರೈಲು ಹತ್ತಿದರೆ, ಸಂಜೆ ಬೆರಳ ತುದಿಗೆ ಕೆಂಪು ಶಾಯಿ ಅಂಟಿಸಿಕೊಂಡು ಹಿಂದಿರುಗುತ್ತಿದ್ದರು. ಪಂಚಾಂಗ, ಪಠ್ಯಪುಸ್ತಕ, ಕಾದಂಬರಿ ಎಲ್ಲವೂ ಅವರ ಕಣ್ಣಿನಡಿಯಿಂದಲೇ ಹಾದುಹೋಗಬೇಕು. ಮನೆಗೆ ಯಾರಾದರೂ ಲಗ್ನಪತ್ರಿಕೆ ತಂದುಕೊಟ್ಟರೆ, ಮುಹೂರ್ತ ಯಾವತ್ತು ಎಂದು ನೋಡುವ ಮೊದಲೇ ಅದರಲ್ಲಿ ಎರಡು ತಪ್ಪು ಹುಡುಕಿರುತ್ತಿದ್ದರು.

ಮನೆ ಇದ್ದದ್ದು ವೆಸ್ಟ್ ಮಾಂಬಲಂನಲ್ಲಿ, ಮೊದಲ ಮಹಡಿಯಲ್ಲಿ. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಬೀದಿಯ ಕಡೆಗೆ ಕಬ್ಬಿಣದ ಗ್ರಿಲ್ಲಿನ ವರಾಂಡ. ಅಪ್ಪ, ಅಮ್ಮ ರೂಮಿನಲ್ಲಿ ಮಲಗುತ್ತಿದ್ದರು, ನಾನು ಹಾಲಿನಲ್ಲಿ ಫ್ಯಾನಿನ ಕೆಳಗೆ ಚಾಪೆಯ ಮೇಲೆ, ತಾತ ವರಾಂಡದ ಬೆಂಚಿನ ಮೇಲೆ. ಮಲಗುತ್ತಿದ್ದರು ಅನ್ನುವುದು ಮಾತಿಗೆ. ತಾತನಿಗೆ ನಿದ್ದೆ ಇರಲಿಲ್ಲ. ನಾಲ್ಕು ಗಂಟೆಗೆ ಎದ್ದು ಕೆಮ್ಮಿ, ಕೊಡದಿಂದ ನೀರು ಬಗ್ಗಿಸಿ ಮುಖ ತೊಳೆದು, ಹಳೆಯ ಪದ್ಯಗಳನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತ ಕೂರುತ್ತಿದ್ದರು. ಮೆಲುದನಿ ಎಂಬುದು ಅವರ ಅಭಿಪ್ರಾಯ. ಅಮ್ಮನದು ಬೇರೆ.

“ನೀವು ಕೊಂಚ ಹೇಳಬಾರದಾ ಅವರಿಗೆ? ನಾಲ್ಕು ಗಂಟೆಗೇ ಆರಂಭಿಸಿಬಿಟ್ಟರೆ ಈ ಮನೇಲಿ ಯಾರು ತೂಂಗೋದು?” ಎಂದು ಅಪ್ಪನನ್ನು ಕೇಳುತ್ತಿದ್ದಳು.

ನಿದ್ದೆಗೆ ಅಮ್ಮ ಯಾವಾಗಲೂ ತಮಿಳಿನ ಮಾತನ್ನೇ ಬಳಸುತ್ತಿದ್ದಳು. ತಾತನ ಕನ್ನಡದಲ್ಲಿ ತೂಗುವುದು ತೊಟ್ಟಿಲನ್ನು. ‘ತೂಂಗು’ ಎಂದರೆ ನಾನು ಮಲಗಬೇಕೋ, ಯಾರನ್ನಾದರೂ ತೂಗಬೇಕೋ ಎಂದು ಬಹಳ ಚಿಕ್ಕವಳಿದ್ದಾಗ ಕಕ್ಕಾಬಿಕ್ಕಿಯಾದದ್ದುಂಟು. ಅಪ್ಪ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಕಾಫಿ ಕುಡಿದು ಆಫೀಸಿಗೆ ಹೋಗುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ತಾತನ ಕಣ್ಣು ಹೋಯಿತು. ಪೂರ್ತಿ ಕತ್ತಲೆಯಲ್ಲ. ಬೆಳಕು, ನೆರಳು ತಿಳಿಯುತ್ತಿತ್ತು. ಕಿಟಕಿಯ ಮುಂದೆ ಯಾರೋ ನಿಂತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಇದು ಪೊರೆಯಲ್ಲ, ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದರು. ತಾತ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಪೊಂಗಲ್ ಕಳೆದ ಮೇಲೆ ಒಂದು ಸಂಜೆ ಕನ್ನಡ ಸಂಘದ ಕಾರ್ಯದರ್ಶಿ, ತಾತನ ಹಳೆಯ ಪರಿಚಯದವರು, ಮನೆಗೆ ಬಂದು ಯುಗಾದಿಗೆ ಸಂಘದ ಸಂಚಿಕೆ ತರುತ್ತಿದ್ದೇವೆ ಎಂದರು.

“ರಾಯರೇ, ಊರವರ ತಪ್ಪು ತಿದ್ದಿದ್ದು ಸಾಕು. ಈ ಸರ್ತಿ ನಿಮ್ಮ ಹೆಸರಲ್ಲೇ ಒಂದು ಲೇಖನ ಬರಲಿ. ಯುಗಾದಿ ಅಲ್ವಾ, ವಸಂತದ ಮೇಲೆ ಏನಾದ್ರೂ ಬರೀರಿ.”

“ನನಗೆ ಕಣ್ಣೆಲ್ಲಿದೆ?”

“ಯಾರ ಕೈಲಾದ್ರೂ ಹೇಳಿ ಬರೆಸಿ.”

ತಾತ ಒಂದು ಕ್ಷಣವೂ ಯೋಚಿಸಲಿಲ್ಲ.

“ರಮಾ ಬರೀತಾಳೆ. ಅವಳಿಗೆ ಅಕ್ಷರ ನಾನೇ ಕಲಿಸಿದೀನಿ.”

ಕಲಿಸಿದ್ದು ನಿಜ. ಕಲಿತದ್ದು ನಿಜವಲ್ಲ. ಆರನೇ ವಯಸ್ಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿಸಿದ್ದರು. ನಾನು ಹಾಡಿನ ಹಾಗೆ ಬಾಯಿಪಾಠ ಒಪ್ಪಿಸುತ್ತಿದ್ದೆ, ಅವರು ಹಿಗ್ಗಿ ಪೆಪ್ಪರ್‌ಮೆಂಟು ಕೊಡುತ್ತಿದ್ದರು. ಕಾಗುಣಿತಕ್ಕೆ ಬರುವ ಹೊತ್ತಿಗೆ ಪ್ರೆಸ್ಸಿನಲ್ಲಿ ಪಠ್ಯಪುಸ್ತಕಗಳ ಕಾಲ ಬಂದು ತಾತ ಮನೆಗೆ ತಡವಾಗಿ ಬರತೊಡಗಿದರು; ಸ್ಲೇಟು ಅಟ್ಟ ಸೇರಿತು. ನನಗೆ ಬರುವುದಿಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಕಣ್ಣು ಹೋದ ಮೇಲೆ ತಾತನ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಮರುದಿನ ಶಾಲೆಯಿಂದ ಬಂದು, ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ತಾತ ಹೇಳಿದ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡೆ. ಅಪ್ಪ ಆಫೀಸಿನಲ್ಲಿ, ಅಮ್ಮ ಅಡುಗೆಮನೆಯಲ್ಲಿ; ನೋಡುವ ಕಣ್ಣು ಅಲ್ಲಿ ಯಾರಿಗಿತ್ತು?

ಲೇಖನದ ಹೆಸರು ‘ಇರುಳು, ನಿದ್ದೆ ಮತ್ತು ವಸಂತದ ಬರವು’. ದಿನವೂ ಐದು ಗಂಟೆಗೆ ವರಾಂಡದಲ್ಲಿ ಕೂರುತ್ತಿದ್ದೆವು. ಬೀದಿಯಲ್ಲಿ ಮಾವಡು ಮಾರುವವಳು, ಉಪ್ಪಿನಕಾಯಿಯ ಎಳೆ ಮಾವಿನಕಾಯಿ ಹೊತ್ತವಳು, ಕೂಗಿಕೊಂಡು ಹೋಗುತ್ತಿದ್ದಳು. ತಾತ ಎರಡು ಕೈಯನ್ನೂ ಮಂಡಿಯ ಮೇಲಿಟ್ಟು, ಮನೆಯಲ್ಲಿ ಎಂದೂ ಆಡದ ಕನ್ನಡದಲ್ಲಿ ಹೇಳುತ್ತಿದ್ದರು.

“ವಸಂತವು ಹಗಲಿನಲ್ಲಿ ಬರುವುದಿಲ್ಲ. ಊರು ಮಲಗಿರುವಾಗ ಬರುತ್ತದೆ. ಆ ಹೊತ್ತಿನಲ್ಲಿ ಎಚ್ಚರವಿರುವವರು ಇಬ್ಬರೇ, ವಿರಹಿ ಮತ್ತು ರೋಗಿ. ಆದ್ದರಿಂದ ನಮ್ಮ ಸಾಹಿತ್ಯದಲ್ಲಿ ವಸಂತವನ್ನು ಮೊದಲು ಕಂಡವರು ನಿದ್ದೆ ಬಾರದವರು. ಬರೆದೆಯಾ?”

“ಬರೆದೆ. ವಿರಹಿ ಅಂದ್ರೆ ಯಾರು ತಾತಾ?”

“ಜೊತೆಯವರು ಇಲ್ಲದವರು.”

ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅದನ್ನೂ ಇದನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ. ನನ್ನ ತಲೆಯಲ್ಲಿದ್ದ ಗೊಂದಲವೇ ಬೇರೆ.

“ತಾತಾ, ವಸಂತ ಅಂದ್ರೆ ಯಾವ ಮಾಸ?”

“ಚೈತ್ರ, ವೈಶಾಖ. ಏಪ್ರಿಲ್, ಮೇ ಅಂತ ಇಟ್ಕೋ.”

“ಅದು ಸಮ್ಮರ್ ಅಲ್ವಾ? ಸ್ಕೂಲೇ ಇರಲ್ಲ.”

ಅಡುಗೆಮನೆಯಿಂದ ಅಮ್ಮ ಕೂಗಿದಳು, “ನಿನ್ನ ತಮಿಳ್ ಪುಸ್ತಕದಲ್ಲಿ ಇಳವೇನಿಲ್ ಅಂತ ಇದೆಯಲ್ಲಡೀ, ಅದೇ.”

ಇಳವೇನಿಲ್ ಎಂದರೆ ಎಳೆಯ ಬೇಸಿಗೆ. ತಾತನ ಪುಸ್ತಕಗಳಲ್ಲಿ ತಂಪು, ಚಿಗುರು, ಪರಿಮಳ; ತಮಿಳು ಪುಸ್ತಕದಲ್ಲಿ ಅದೇ ಕಾಲ ಆಗತಾನೇ ಹುಟ್ಟಿದ ಸೆಕೆ. ಎರಡರಲ್ಲಿ ಯಾವುದನ್ನು ನಂಬಬೇಕು? ದಕ್ಷಿಣದಿಂದ ಗಾಳಿ ಬರುತ್ತದೆ ಎಂದು ತಾತ ಹೇಳಿದಾಗ, ಎಲೆಕ್ಟ್ರಿಕ್ ರೈಲಿನ ಆ ತುದಿಯ ಊರನ್ನು ನೆನೆದು, “ತಾಂಬರಂ ಕಡೆಯಿಂದಲಾ?” ಎಂದು ಕೇಳಿದೆ. ಅವರು ಬಹಳ ನಕ್ಕರು. “ಅದಕ್ಕೂ ಕೆಳಗಿಂದ ಕಣ್ಣಾ,” ಎಂದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಹತ್ತು ದಿನವಾದ ಮೇಲೆ, ಮೊದಲಿನಿಂದ ಒಮ್ಮೆ ಓದಿ ಹೇಳು ಎಂದರು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಪ, ಬ ಎರಡಕ್ಕೂ ಒಂದೇ. ಮಾತು ಗೊತ್ತಿದ್ದವರು ಎಡವುವುದಿಲ್ಲ. ನನಗೆ ತಾತನ ಪುಸ್ತಕದ ಮಾತು ಅರ್ಧ ಗೊತ್ತಿರಲಿಲ್ಲ, ಹೇಳಿದ್ದು ಮರೆತೂ ಹೋಗಿತ್ತು.

“ದಕ್ಷಿಣದ ಕಾಳಿ ಮೆಲ್ಲಗೆ ಬಂದು ಮಲಗಿದವರ ಹಣೆ ಮುಟ್ಟುತ್ತದೆ,” ಎಂದು ಓದಿದೆ.

“ಏನಂದೆ?”

“ದಕ್ಷಿಣದ ಕಾಳಿ.”

“ಕಾಳಿ ಎಲ್ಲಿಂದ ಬಂದಳು? ಗಾಳಿ ಅಂದಿದ್ದೆನಲ್ಲಾ?”

“ನೀವೇ ಹಾಗಂದ್ರಿ ತಾತಾ.”

ಆ ಉತ್ತರ ಹೇಗೆ ಬಂತು ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಬಾಯಿಂದ ಬಿದ್ದಾಗ ಅದು ಸುಳ್ಳಾಗಿರಲಿಲ್ಲ. ಕಾಳಿ ನಮ್ಮ ಬೀದಿಯ ಗುಡಿಯಲ್ಲೇ ಇದ್ದಳು, ರಾತ್ರಿ ಬಂದು ಹಣೆ ಮುಟ್ಟಿದರೆ ಆಶ್ಚರ್ಯವೇನು ಅನ್ನಿಸಿತ್ತು. ಮುಂದಿನ ಸಾಲಿನಲ್ಲಿ ಮಲ್ಲಿಗೆಯ ಗಂಧ ಮಲಗಿದವರನ್ನು ಎಬ್ಬಿಸಬೇಕಾಗಿತ್ತು. ಕಂದ ಎಂದು ಓದಿದೆ. ಮಗು ಅತ್ತರೆ ಎಲ್ಲರೂ ಏಳುತ್ತಾರೆ, ಅದೂ ಸರಿಯಾಗಿಯೇ ಕೇಳಿಸಿತು. ಬಾಳು ಇದ್ದ ಕಡೆ ಪಾಳು ಎಂದು ಓದಿದಾಗ ತಾತನ ಮುಖ ನೋಡಿದೆ. ಆಗ ತಿಳಿಯಿತು, ತಪ್ಪು ನನ್ನ ಅಕ್ಷರದಲ್ಲಿದೆ ಎಂದು.

“ಪಾಳು ಅಂದೆನಾ? ನಾನು?”

“ಹೂಂ, ಅಂದ್ರಿ.”

ಇದು ಮಾತ್ರ ಸುಳ್ಳು. ತಾತ ಮುಂದಕ್ಕೆ ಓದು ಎನ್ನಲಿಲ್ಲ. ಅಂದಿನಿಂದ ಅವರು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಸ್ನಾನ ಮಾಡುವಾಗ ಅರವತ್ತು ಸಂವತ್ಸರಗಳ ಹೆಸರು ಹೇಳುವುದು, ಪ್ರೆಸ್ಸಿನಲ್ಲಿ ಜೊತೆಗಿದ್ದವರ ಹೆಸರುಗಳನ್ನು ಸಾಲಾಗಿ ನೆನೆಯುವುದು. ಒಂದು ಸಂಜೆ ಅಪ್ಪನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

“ಕಣ್ಣು ಹೋಯ್ತು ಅಂತಿದ್ದೆ. ಈಗ ಬುದ್ಧೀನೂ ಹೋಗ್ತಿದೆ ಕಣೋ. ಅನ್ನಬೇಕಾದ್ದು ಒಂದು, ಬಾಯಲ್ಲಿ ಬರೋದು ಒಂದು.”

“ನಿದ್ದೆ ಇಲ್ಲದೆ ಹಾಗಾಗತ್ತೆ ಅಪ್ಪಾ. ಡಾಕ್ಟರ್‌ನ ಕೇಳೋಣ.”

ಬೀದಿಯ ಕೊನೆಯ ಡಾಕ್ಟರು ಎಲ್ಲವನ್ನೂ ಕೇಳಿ, ಈ ವಯಸ್ಸಿಗೆ ಸಹಜ, ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಒಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟರು. ತಾತ ನಿದ್ದೆ ಮಾಡಿದರು. ಬೆಳಿಗ್ಗೆ ಎಂಟಾದರೂ ಏಳುತ್ತಿರಲಿಲ್ಲ. ಎದ್ದರೂ ಪೂರ್ತಿ ಏಳುತ್ತಿರಲಿಲ್ಲ. ಕಾಫಿ ಕುಡಿದೆನೋ ಇಲ್ಲವೋ ಎಂದು ಎರಡು ಸಲ ಕೇಳುವರು, ಹೇಳುತ್ತಿದ್ದ ಮಾತು ಅರ್ಧದಲ್ಲಿ ಜಾರಿಹೋಗುವುದು. ಲೇಖನ ನಿಂತಿತು. ಈಗ ಅವರು ನಿಜವಾಗಿಯೂ ಮಾತು ತಪ್ಪುತ್ತಿದ್ದರು, ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಮನೆಯಲ್ಲಿ ಮಾತ್ರ ಎಂದೂ ಇಲ್ಲದ ನೆಮ್ಮದಿ. ಅಮ್ಮನ ಕಣ್ಣ ಕೆಳಗಿನ ಕಪ್ಪು ಹೋಯಿತು. ಅಪ್ಪ ಭಾನುವಾರ ತಡವಾಗಿ ಎದ್ದು ಬಜ್ಜಿ ಮಾಡು ಎಂದರು. ನಾನು ಅಭ್ಯಾಸಬಲದಿಂದ ನಾಲ್ಕು ಗಂಟೆಗೆ ಎಚ್ಚರಗೊಂಡು ವರಾಂಡದ ಕಡೆ ಕಿವಿಯಿಟ್ಟರೆ ತಾತನ ಗೊರಕೆ ಮಾತ್ರ ಕೇಳುತ್ತಿತ್ತು. ಎಲ್ಲರಿಗೂ ಸುಖವಾಗಿದ್ದರೆ ಅದು ತಪ್ಪು ಹೇಗಾಗುತ್ತದೆ? ತಪ್ಪಲ್ಲದಿದ್ದರೆ ನನಗೆ ಏಕೆ ನಿದ್ದೆ ಬರುವುದಿಲ್ಲ? ಈಗ ಅಡ್ಯಾರಿನ ಫ್ಲಾಟಿನಲ್ಲಿ, ತಾತನ ವಯಸ್ಸು ಹತ್ತಿರವಾಗುತ್ತಿರುವ ನನಗೆ, ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಉತ್ತರ ಈಗಲೂ ಹೊಳೆದಿಲ್ಲ.

ಪಕ್ಕದ ಮನೆಯ ಬೇವಿನ ಮರ ನಮ್ಮ ತಾರಸಿಯ ಮೇಲೆ ಬಾಗಿಕೊಂಡಿತ್ತು. ಅದು ಹೂ ಬಿಟ್ಟಾಗ ಅಮ್ಮ ಸಂಜೆಯೇ ಅಪ್ಪನ ಹಳೆಯ ಪಂಚೆಯನ್ನು ಕೆಳಗೆ ಹರಡಿಬಿಡುತ್ತಿದ್ದಳು. ರಾತ್ರಿ ಉದುರಿದ್ದನ್ನು ಬೆಳಿಗ್ಗೆ ಬಳಿದು ತಂದು, ಒಣಗಿಸಿ, ವರ್ಷವಿಡೀ ಸಾರಿಗೆ ಹಾಕುವಳು. ಒಂದು ಶನಿವಾರ ಅವಳ ಜೊತೆ ಹೂ ಆಯುತ್ತ ಕೂತಾಗ ಹೇಳಿಬಿಟ್ಟೆ.

“ಅಮ್ಮಾ, ತಾತ ತಪ್ಪು ಹೇಳಿರಲಿಲ್ಲ. ನನಗೆ ಕನ್ನಡ ಬರೆಯೋಕ್ಕೆ ಬರಲ್ಲ. ತಮಿಳಲ್ಲಿ ಬರೆದು ತಪ್ಪಾಗಿ ಓದಿದೆ.”

ಅಮ್ಮನ ಕೈ ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ.

“ನನಗೂ ಬರಲ್ಲಡೀ,” ಎಂದಳು. “ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ಒಂದು ಕಾಗದ ಕೊಟ್ಟು ಓದಮ್ಮಾ ಅಂದರು. ತಲೆನೋವು ಅಂತ ಒಳಗೆ ಹೋಗಿಬಿಟ್ಟೆ. ಆಮೇಲೆ ಒಂದು ಸಲಾನೂ ಕೊಡಲಿಲ್ಲ.”

“ಈಗ ತಾತನಿಗೆ ಹೇಳ್ಲಾ?”

“ಹೇಳಿ ಏನಾಗ್ಬೇಕು? ಎಷ್ಟೋ ವರ್ಷಕ್ಕೆ ಅವರೂ ತೂಂಗ್ತಿದಾರೆ, ನಾವೂ ತೂಂಗ್ತಿದೀವಿ.” ಮತ್ತೆ ಒಂದು ಹಿಡಿ ಹೂ ಆಯ್ದಳು. “ಇಲ್ಲದ ರೋಗಕ್ಕೆ ಮಾತ್ರೆ ತಿನ್ನೋದೂ ಪಾಪ. ನನಗೆ ತೆರಿಯಾದು ರಮಾ. ನನ್ನ ಕೇಳಬೇಡ.”

ಅಮ್ಮನಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ಅವತ್ತು ತಿಳಿದು ನನಗೆ ಇನ್ನಷ್ಟು ಭಯವಾಯಿತು. ಕೆಳಗಿಳಿದು ಬಂದೆ. ತಾತ ಸ್ನಾನ ಮಾಡಿ, ವರಾಂಡದ ಗೋಡೆಗೆ ಒರಗಿ ಕೂತಿದ್ದರು. ನೋಟ್‌ಬುಕ್ಕನ್ನು ಅವರ ತೊಡೆಯ ಮೇಲಿಟ್ಟೆ.

“ತಾತಾ, ನಾನು ಇದನ್ನ ತಮಿಳಲ್ಲಿ ಬರೆದೆ.”

“ಏನನ್ನ?”

“ಎಲ್ಲಾನೂ. ನೀವು ಗಾಳಿ ಅಂತಲೇ ಅಂದಿದ್ದು.”

ಮಾತ್ರೆಯ ಮಂಪರಿನಲ್ಲಿ ಅವರಿಗೆ ಅದು ಒಮ್ಮೆಗೇ ಒಳಗಿಳಿಯಲಿಲ್ಲ. ಇನ್ನೊಂದು ಸಲ ಹೇಳಿಸಿದರು. ಕಾಣದ ಪುಟದ ಮೇಲೆ ಬೆರಳಾಡಿಸಿದರು.

“ಗಂಧ?”

“ಅದೂ.”

“ಬಾಳು?”

“ಅದೂ ತಾತಾ.”

ಅವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ನಗಲು ಶುರು ಮಾಡಿದರು, ಭುಜ ಕುಲುಕುವಷ್ಟು. ನಾನೂ ನಕ್ಕೆ. ಅವರು ತಟ್ಟನೆ ನಿಲ್ಲಿಸಿದರು.

“ಅಕ್ಷರ ಬರದೇ ಇದ್ದದ್ದು ನಿನ್ನ ತಪ್ಪಲ್ಲ. ಕಲಿಸಿದೆ ಅಂದ್ಕೊಂಡದ್ದು ನನ್ನ ತಪ್ಪು. ಆದರೆ ನಾನು ಕೇಳಿದಾಗ ‘ನೀವೇ ಅಂದ್ರಿ’ ಅಂದೆಯಲ್ಲ, ಅದನ್ನ ಯಾವ ಲಿಪೀಲಿ ಬರೆದಿದ್ದೆ?”

ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಅಂದಿನ ರಾತ್ರಿಯೇ ಮಾತ್ರೆ ಬೇಡ ಎಂದರು. ಅಪ್ಪ ಏನೋ ಹೇಳಲು ಹೋದಾಗ, “ಬೇಡ ಅಂದರೆ ಬಿಡಿ,” ಎಂದದ್ದು ಅಮ್ಮ. ನಾನು ಮುಂದೆ ಸ್ಟೆನೋ ಆದೆ. ಮೂವತ್ತು ವರ್ಷ ಬೇರೆಯವರು ಹೇಳಿದ್ದನ್ನು ಬರೆದುಕೊಂಡೆ. ಸಂದೇಹ ಬಂದ ಒಂದು ಮಾತನ್ನೂ ಕೇಳದೆ ಟೈಪ್ ಮಾಡಿದವಳಲ್ಲ. ಮೇಲಧಿಕಾರಿಗಳು ರೇಗುತ್ತಿದ್ದರು. ಅದಕ್ಕೆ ಕಾರಣ ಆ ನಾಲ್ಕು ದಿನ.

ಐದನೆಯ ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕೆಮ್ಮು, ನೀರಿನ ಸದ್ದು, ಪದ್ಯ. ರೂಮಿನೊಳಗಿಂದ ಅಮ್ಮ “ಅಯ್ಯೋ ರಾಮಾ” ಎಂದಳು. ಸಂಜೆ ತಾತ ನನ್ನನ್ನು ಕರೆದು ಸೀಮೆಸುಣ್ಣ ತರಿಸಿದರು. ನಾನು ತಮಿಳಿನಲ್ಲಿದ್ದ ಒಂದೊಂದು ಮಾತನ್ನೂ ಓದಬೇಕು. ಅದು ಯಾವ ಅಕ್ಷರ ಎಂದು ಅವರು ತೀರ್ಮಾನಿಸಿ, ಕೆಂಪು ನೆಲದ ಮೇಲೆ ಕೈ ಅಂದಾಜಿನಲ್ಲಿ ದೊಡ್ಡದಾಗಿ ಬರೆಯುವರು. ನಾನು ನೋಡಿ ಹೊಸ ಪುಟಕ್ಕೆ ಇಳಿಸಬೇಕು. ಅಮ್ಮ ಸಾರಿನ ಪಾತ್ರೆ ಹಿಡಿದು ಅಕ್ಷರಗಳನ್ನು ದಾಟಿಕೊಂಡು ಓಡಾಡುತ್ತಿದ್ದಳು, ಒಂದೆರಡು ಸಲ ನಿಂತು ನೋಡಿದ್ದೂ ಉಂಟು. ಕಾಗುಣಿತ, ಒತ್ತು, ಉಸಿರು ಒತ್ತಿ ಹೇಳುವ ಮಹಾಪ್ರಾಣ, ಎಲ್ಲವನ್ನೂ ಆ ನೆಲದ ಮೇಲೆಯೇ ಕಲಿತೆ. ಮಹಾಪ್ರಾಣ ಮಾತ್ರ ಕೊನೆಗೂ ಬಾಯಿಗೆ ಬರಲಿಲ್ಲ, ತಮಿಳಿನ ನಾಲಗೆ. ತಾತ ಅಕ್ಷರದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕಣ್ಣಾ ಎನ್ನುತ್ತಿರಲಿಲ್ಲ. ಹನ್ನೊಂದು ಪುಟ ಮುಗಿದ ದಿನ ಹೇಳಿದರು:

“ಕೆಳಗೆ ಹೆಸರು ಹಾಕು. ಅದನ್ನೂ ನೆಲದ ಮೇಲೆ ಬರೀಬೇಕಾ?”

“ಬೇಡ ತಾತಾ, ಗೊತ್ತು,” ಎಂದು ನಾನೇ ಬರೆದೆ.

ಯುಗಾದಿಗೆ ಎರಡು ದಿನ ಮುಂಚೆ ಕಾರ್ಯದರ್ಶಿಗಳು ಅಚ್ಚಾದ ಸಂಚಿಕೆಯ ಒಂದು ಪ್ರತಿ ತಂದರು. ತಾತ ಅದನ್ನು ಮೂಗಿನ ಹತ್ತಿರ ಹಿಡಿದು ಶಾಯಿಯ ವಾಸನೆ ನೋಡಿ ನನ್ನ ಕೈಗೆ ಕೊಟ್ಟರು. ಶೀರ್ಷಿಕೆ ಓದಿದೆ. ಅದರ ಕೆಳಗೆ ತಾತನ ಹೆಸರು, ಬಿಂದುಮಾದವ ರಾವ್ ಎಂದಿತ್ತು. ಓಡಿಹೋಗಿ ನೋಟ್‌ಬುಕ್ಕು ತೆಗೆದು ನೋಡಿದೆ. ನಾನು ಬರೆದದ್ದೇ ಹಾಗೆ. ಪ್ರೆಸ್ಸಿನವರು ಇದ್ದದ್ದನ್ನು ಇದ್ದ ಹಾಗೆ ಹಾಕಿದ್ದರು.

“ಯಾಕೆ ನಿಲ್ಲಿಸಿದೆ? ಹೆಸರು ಓದು.”

ಓದಿದೆ. ನನ್ನ ಬಾಯಲ್ಲಿ ದ, ಧ ಎರಡೂ ಒಂದೇ ಸದ್ದು. ಸುಮ್ಮನಿದ್ದಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಪ್ರೂಫ್ ತಿದ್ದಿದ ಮನುಷ್ಯ.

“ಮಾಧವದಲ್ಲಿ ಮಹಾಪ್ರಾಣ ಸರಿಯಾಗಿ ಬಿದ್ದಿದೆ ತಾನೆ?”

ಸಂತೋಷದ ದಿನ. ಕಾರ್ಯದರ್ಶಿಗಳು ಅಮ್ಮನ ಪಾಯಸ ಕುಡಿಯುತ್ತಿದ್ದರು. ಬಿದ್ದಿದೆ ಎಂದರೆ ಯಾರಿಗೂ ನಷ್ಟವಿಲ್ಲ.

“ಇಲ್ಲ ತಾತಾ,” ಎಂದೆ. “ಚಿಕ್ಕ ದ ಆಗಿದೆ. ಅವರ ತಪ್ಪಲ್ಲ. ನಾನು ಬರೆದದ್ದೇ ಹಾಗೆ.”

ಕಾರ್ಯದರ್ಶಿಗಳು ಲೋಟ ಕೆಳಗಿಟ್ಟರು. “ಬಿಡಿ ರಾಯರೇ. ಕೆಳಗೆ ಒಂದು ಗೀಟು. ಯಾರು ನೋಡ್ತಾರೆ?”

“ನಾನು ನೋಡ್ತಿದ್ದೆ,” ಎಂದರು ತಾತ. “ಎಷ್ಟು ಪ್ರತಿ?”

“ಮುನ್ನೂರು.”

ಯುಗಾದಿಯ ಸಂಜೆ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋದವರು ನಾವಿಬ್ಬರು. ಬಾಗಿಲ ಬಳಿಯ ಮೇಜಿನ ಮೇಲೆ ಸಂಚಿಕೆಗಳ ಕಟ್ಟು. ತಾತ ಮಡಚುವ ಕುರ್ಚಿಯಲ್ಲಿ ಕೂತು ಒಂದೊಂದೇ ಪ್ರತಿಯನ್ನು ನನ್ನ ಕೈಗಿಡುತ್ತಿದ್ದರು. ನಾನು ಪುಟ ತೆರೆದು, ಕಪ್ಪು ಪೆನ್ನಿನಿಂದ ದ ಅಕ್ಷರದ ಕೆಳಗೆ ಗೀಟು ಎಳೆದು, ಊದಿ ಒಣಗಿಸಿ ಪಕ್ಕಕ್ಕಿಡುತ್ತಿದ್ದೆ. “ಮುಂದಿನದು ತಗೋ ಕಣ್ಣಾ,” ಎಂದರು ಒಮ್ಮೆ. ಅದು ಕ್ಷಮೆಯೋ, ಬಾಯಿಗೆ ಬಂದ ರೂಢಿಯೋ ತಿಳಿಯಲಿಲ್ಲ; ಕೇಳುವ ಧೈರ್ಯವೂ ಇರಲಿಲ್ಲ. ಅರ್ಧವೂ ಮುಗಿದಿರಲಿಲ್ಲ, ಜನ ಬರತೊಡಗಿದರು. ರೇಷ್ಮೆ ಸೀರೆ, ಮಲ್ಲಿಗೆ, ಒಳಗೆ ಪ್ರಾರ್ಥನೆಗೆ ಶ್ರುತಿ. ತಿದ್ದಿದ್ದು ಯಾವುದು, ತಿದ್ದದೆ ಉಳಿದದ್ದು ಯಾವುದು ಎಂದು ನೋಡದೆ ಎಲ್ಲರೂ ಎತ್ತಿಕೊಂಡು ಹೋದರು. ತಿದ್ದದ ಕಟ್ಟಿನಿಂದ ಒಬ್ಬರು ಒಂದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೊರಟೇಬಿಟ್ಟರು. ನಾನು ಪೆನ್ನು ಹಿಡಿದು ಅವರ ಹಿಂದೆ ಓಡಿದೆ.

“ಮಾಮಾ, ಒಂದು ನಿಮಿಷ. ಅದರಲ್ಲಿ ಒಂದು ತಪ್ಪಿದೆ, ಸರಿ ಮಾಡಿಕೊಡ್ತೀನಿ.”

ಅವರು ಸ್ಕೂಟರಿನ ಬಳಿ ನಿಂತು ನಕ್ಕರು. “ನನಗೆ ಕನ್ನಡ ಓದೋಕ್ಕೇ ಬರಲ್ಲಮ್ಮಾ. ಮನೇಲಿ ಮಾತಾಡೋದು, ಅಷ್ಟೇ. ಒಳಗೆ ನಮ್ಮಣ್ಣನ ಫೋಟೋ ಇದೆ ಅಂದರು, ತಗೊಂಡೆ.”

ಆದರೂ ಪುಸ್ತಕ ಕೊಟ್ಟರು. ಸ್ಕೂಟರಿನ ಸೀಟಿನ ಮೇಲಿಟ್ಟು ಗೀಟು ಎಳೆದೆ. ಅವರು ಬಗ್ಗಿ ನೋಡಿದರು, ಎಲ್ಲಿ ಏನು ಬದಲಾಯಿತು ಎಂದು ಅವರಿಗೆ ತಿಳಿಯಲಿಲ್ಲ.

“ಏನಕ್ಷರ ಇದು?”

“ಧ,” ಎಂದೆ.

“ದ,” ಎಂದರು ಅವರು.

“ಅಲ್ಲ ಮಾಮಾ,” ಎಂದು ಎದೆಯೊಳಗಿನ ಉಸಿರನ್ನೆಲ್ಲ ಸೇರಿಸಿ ಇನ್ನೊಮ್ಮೆ ಹೇಳಿದೆ. “ಧ.”